ಮಾತು ಬೇಡವೆಂದ ನಾಟಕಕಾರ

1970ರ ದಶಕದ ಕೊನೆಯಲ್ಲಿ ನಾವು ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಓದುತ್ತಿದ್ದಾಗ ಕೋಟ ಶಿವರಾಮ ಕಾರಂತರ ಬಗ್ಗೆ ಊರಲ್ಲಿ ಮೂರು ಮಾತು ಚಾಲ್ತಿಯಲ್ಲಿದ್ದವು. ಅವರಿಗೆ ಜ್ಞಾನಪೀಠ ಬಂತು ಎಂಬುದೊಂದು. ಸುಮ್ಮಸುಮ್ಮನೆ ಹೋಗಿ ಏನಾದರೂ ಕೇಳಿದರೆ ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಡುತ್ತಾರೆ ಎಂಬುದು ಇನ್ನೊಂದು. ಮೂರನೆಯದು ಹೆಚ್ಚಾಗಿ ಆಟದ ಚೌಕಿಯ ಆಸುಪಾಸಿನಲ್ಲಿ ಕೇಳಿಸುತ್ತಿತ್ತು: ಯಕ್ಷಗಾನಕ್ಕೆ ಪಿಟೀಲು, ಸ್ಯಾಕ್ಸೋಫೋನು ತಂದು ಕುಲಗೆಡಿಸಿದರು.

ಅದೇ ಕಾಲಕ್ಕೆ ಅವರೊಂದು ಸಿನಿಮಾವನ್ನೂ ನಿರ್ದೇಶಿಸಿದ್ದರು. ತಮ್ಮದೇ ಕಾದಂಬರಿ 'ಕುಡಿಯರ ಕೂಸು' ಅನ್ನು 'ಮಲೆಯ ಮಕ್ಕಳು' ಎಂಬ ಹೆಸರಿನಲ್ಲಿ 1978ರಲ್ಲಿ ತೆರೆಗೆ ತಂದಾಗ ಅವರಿಗೆ 75 ದಾಟಿತ್ತು. ಈ ಸುದ್ದಿ ಮಾತ್ರ ನಮ್ಮ ಕ್ಯಾಂಟೀನಿನಲ್ಲಾಗಲಿ, ಬಸ್‌ಸ್ಟ್ಯಾಂಡಿನಲ್ಲಾಗಲಿ ಯಾರ ಬಾಯಲ್ಲೂ ಬರಲಿಲ್ಲ. ನಮಗೆ ಸಿನಿಮಾದ ಕಾರಂತರೆಂದರೆ ಬಿ.ವಿ. ಕಾರಂತರು. ಬಂಟ್ವಾಳ ಕಡೆಯ ಮಂಚಿ ಗ್ರಾಮದ ಬಾಬುಕೋಡಿಯಿಂದ ಹೊರಟು ಗುಬ್ಬಿ ಕಂಪೆನಿ ಸೇರಿ, ಮುಂದೆ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದವರು. ಕೋಟದ ಕಾರಂತರೆಂದರೆ ಕಾದಂಬರಿ. ಒಬ್ಬ ಮನುಷ್ಯನಿಗೆ ಒಂದು ಖಾತೆ ಸಾಕೆಂದು ಊರು ತೀರ್ಮಾನಿಸಿಯಾಗಿತ್ತು. ಆ ತೀರ್ಮಾನದಲ್ಲಿ ನಾವೂ ಇದ್ದೆವು.

ಕಾರಂತರ ಕೃತಿಗಳನ್ನು ಪಟ್ಟಿ ಮಾಡಿದವರು 47 ಕಾದಂಬರಿ, 31 ನಾಟಕ ಎಂದು ಲೆಕ್ಕ ಕೊಡುತ್ತಾರೆ. ಕಾದಂಬರಿಗಳ ಮೇಲೆ ಪಿಎಚ್.ಡಿ.ಗಳು ಬಂದವು. ನಾಟಕಗಳನ್ನು ಓದಿದವರು ಕಡಿಮೆ, ಆಡಿಸಿದವರು ಇನ್ನೂ ಕಡಿಮೆ. ಆ ನಾಟಕಕಾರ ಎರಡು ಸಲ ಕ್ಯಾಮೆರಾ ಹಿಂದೆ ನಿಂತದ್ದು, ಒಂದು ಸಲ 1930ರ ಸುಮಾರಿಗೆ, ಇನ್ನೊಂದು ಸಲ ಸುಮಾರು ಐದು ದಶಕ ಕಳೆದ ಮೇಲೆ, ಇವತ್ತಿಗೂ ಅವರ ಬಗೆಗಿನ ಭಾಷಣಗಳಲ್ಲಿ ಅರ್ಧ ವಾಕ್ಯದಲ್ಲಿ ಮುಗಿದುಹೋಗುತ್ತದೆ. ನನಗೀಗ ಆ ಅರ್ಧ ವಾಕ್ಯವೇ ಮುಖ್ಯವಾಗಿ ಕಾಣುತ್ತದೆ.

ನಮ್ಮ ತಲೆಮಾರಿಗೆ ಕಾರಂತರ ಕಥೆ ತೆರೆಯ ಮೇಲೆ ಮೊದಲು ಕಂಡದ್ದು 'ಚೋಮನ ದುಡಿ'ಯಲ್ಲಿ. 1933ರ ಕಾದಂಬರಿ, 1975ರ ಚಿತ್ರ. ನಿರ್ದೇಶನ ಬಿ.ವಿ. ಕಾರಂತರದು, ಛಾಯಾಗ್ರಹಣ ಎಸ್. ರಾಮಚಂದ್ರ ಅವರದು, ಚೋಮನಾಗಿ ಎಂ.ವಿ. ವಾಸುದೇವ ರಾವ್. ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ, ವಾಸುದೇವ ರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ, ಶಿವರಾಮ ಕಾರಂತರಿಗೆ ಶ್ರೇಷ್ಠ ಕಥೆಯ ಪ್ರಶಸ್ತಿ ಬಂತು. ಪ್ರಶಸ್ತಿಯ ಸುದ್ದಿ ಬಂದ ಮೇಲೆಯೇ ನಮ್ಮ ಕಡೆಯವರು ಟಾಕೀಸಿಗೆ ಹೋದದ್ದು. ರಾಜ್‌ಕುಮಾರ್ ಚಿತ್ರಕ್ಕೆ ಸಾಲು ನಿಲ್ಲುತ್ತಿದ್ದ ಊರಿನಲ್ಲಿ ಈ ಚಿತ್ರಕ್ಕೆ ಸಾಲು ಇರಲಿಲ್ಲ. ಬಾಲ್ಕನಿಯಲ್ಲಿ ಮೇಷ್ಟ್ರುಗಳು, ಬ್ಯಾಂಕಿನವರು, ಕೆಳಗೆ ಖಾಲಿ ಕುರ್ಚಿ.

ಆ ಖಾಲಿ ಕುರ್ಚಿಗಳಿಗೆ ಕಾರಣವಿತ್ತು. 1974ರ ಭೂಸುಧಾರಣೆ ತಿದ್ದುಪಡಿ ಬಂದು ಆಗಷ್ಟೇ ಜಿಲ್ಲೆಯ ಮನೆಮನೆಯಲ್ಲಿ ಡಿಕ್ಲರೇಶನ್ ಮಾತು. ಗೇಣಿ ಒಕ್ಕಲುಗಳು ಅರ್ಜಿ ಹಾಕುತ್ತಿದ್ದರು, ಧನಿಗಳು ಕೋರ್ಟಿಗೆ ಅಲೆಯುತ್ತಿದ್ದರು. ನಮ್ಮ ಮನೆಯ ಗದ್ದೆಗಳೂ ಹೋದವು. ಹಾಗಾಗಿ ನಮ್ಮ ದೊಡ್ಡಪ್ಪ ಆ ಚಿತ್ರವನ್ನು ನೋಡಲಿಲ್ಲ, ನೋಡಿ ಬಂದ ನನ್ನೊಡನೆ ಅದರ ಮಾತೂ ಎತ್ತಲಿಲ್ಲ. ಚೋಮನಂಥವರ ಮಕ್ಕಳೂ ಟಾಕೀಸಿಗೆ ಬರಲಿಲ್ಲ. ಕಾನೂನು ಜಮೀನು ಕೊಟ್ಟದ್ದು ಗೇಣಿಗೆ ಬೇಸಾಯ ಮಾಡುತ್ತಿದ್ದ ಒಕ್ಕಲಿಗೆ. ಚೋಮ ಒಕ್ಕಲೇ ಅಲ್ಲ, ಧನಿಯ ಮನೆಯ ಮೂಲದ ಆಳು. ಬೇಸಾಯ ಮಾಡಬೇಕು ಎಂಬ ಅವನ ಒಂದೇ ಆಸೆ 1933ರ ಕಾದಂಬರಿಯಲ್ಲಿ ಈಡೇರಲಿಲ್ಲ. 1974ರ ಕಾನೂನಿನಲ್ಲೂ ಅವನಂಥವರಲ್ಲಿ ಹೆಚ್ಚಿನವರಿಗೆ ಈಡೇರಲಿಲ್ಲ. ಇದನ್ನು ನಾವು ಕ್ಲಾಸಿನಲ್ಲಿ ಚರ್ಚಿಸಲಿಲ್ಲ. ಸಾಹಿತ್ಯದ ಪಾಠದಲ್ಲಿ 'ಚೋಮನ ದುಡಿ' ಮಾನವೀಯ ಕಾದಂಬರಿಯಾಗಿಯೇ ಉಳಿಯಿತು.

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು ಕೋಟದಲ್ಲಿ. ಕುಂದಾಪುರದಲ್ಲಿ, ಮಂಗಳೂರಿನಲ್ಲಿ ಓದು. ಗಾಂಧಿಯವರ ಅಸಹಕಾರದ ಕರೆಗೆ ಕಾಲೇಜು ಬಿಟ್ಟರು, ಖಾದಿ ಹೊತ್ತು ಮಾರಿದರು, 'ವಸಂತ' ಪತ್ರಿಕೆ ನಡೆಸಿದರು, ಕೈಸುಟ್ಟುಕೊಂಡರು. ಮುಂದೆ ಪುತ್ತೂರಿಗೆ ಹೋಗಿ ಬಾಲವನ ಕಟ್ಟಿದರು. ಅಲ್ಲಿ ಮಕ್ಕಳ ಶಾಲೆ, ಮುದ್ರಣಾಲಯ, ನಾಟಕ, ಕುಣಿತ ಎಲ್ಲವನ್ನೂ ಒಬ್ಬರೇ ಎಳೆದರು. ಪುಸ್ತಕ ಬರೆಯುವುದು, ಅಚ್ಚು ಮಾಡುವುದು, ಮುಖಪುಟದ ಚಿತ್ರ ಬರೆಯುವುದು, ಮಾರುವುದು ಸಹ ಅವರದೇ ಕೆಲಸ. 1936ರಲ್ಲಿ ಬಂಟ ಮನೆತನದ ಲೀಲಾ ಅವರನ್ನು ಮದುವೆಯಾದರು. ಕೋಟದ ಬ್ರಾಹ್ಮಣ ಕೇರಿ ಅದನ್ನು ಬಹಳ ಕಾಲ ಮರೆಯಲಿಲ್ಲ. ನಾನು ಚಿಕ್ಕವನಿದ್ದಾಗಲೂ ನಮ್ಮಜ್ಜಿ ಅವರ ಹೆಸರು ಬಂದರೆ ದನಿ ತಗ್ಗಿಸುತ್ತಿದ್ದರು. ಜ್ಞಾನಪೀಠ ಬಂದ ವರ್ಷ ಅದೇ ಅಜ್ಜಿ 'ನಮ್ಮ ಕಾರಂತ್ರು' ಎಂದರು.

ನಾಟಕ ಅವರಿಗೆ ಮೊದಲು ಸಿಕ್ಕಿದ್ದು ಪ್ರಚಾರದ ಸಾಧನವಾಗಿ. ಸಮಾಜ ತಿದ್ದಬೇಕು, ಭಾಷಣಕ್ಕೆ ಜನ ಕೂರುವುದಿಲ್ಲ, ನಾಟಕಕ್ಕೆ ಕೂರುತ್ತಾರೆ. 1932ರ 'ಗರ್ಭಗುಡಿ' ಧರ್ಮದ ಹೆಸರಿನ ಶೋಷಣೆಯ ಮೇಲೆ ನೇರವಾಗಿ ಕೈಯೆತ್ತಿದ ನಾಟಕ. ಇದರಲ್ಲಿ ಮಾತೇ ಆಯುಧ. ಆದರೆ ಅವರು ಅಲ್ಲಿಗೆ ನಿಲ್ಲಲಿಲ್ಲ. 'ಮುಕ್ತದ್ವಾರ', 'ಕಿಸಾ ಗೌತಮಿ'ಯಂಥ ಗೀತನಾಟಕಗಳಿಗೆ ಬಂದರು. ಅಲ್ಲಿ ಮಾತು ಹಾಡಾಯಿತು. ಅಲ್ಲಿಂದ ನೃತ್ಯಕ್ಕೆ ಬಂದರು. ಅಲ್ಲಿ ಹಾಡೂ ಹಿಂದೆ ಸರಿದು ಮೈ ಮುಂದೆ ಬಂತು. ಅವರ ರಂಗದ ಬದುಕನ್ನು ಉದ್ದಕ್ಕೆ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಪುಟಗಟ್ಟಲೆ ಬರೆಯುತ್ತಿದ್ದ, ಸಭೆಯಲ್ಲಿ ಯಾರ ಮುಲಾಜೂ ಇಲ್ಲದೆ ಮಾತಾಡುತ್ತಿದ್ದ ಈ ಮನುಷ್ಯ ರಂಗದ ಮೇಲೆ ಮಾತ್ರ ವರ್ಷದಿಂದ ವರ್ಷಕ್ಕೆ ಮಾತು ಕಡಿಮೆ ಮಾಡುತ್ತಾ ಹೋದರು.

ಮೂಕಿ ಚಿತ್ರಕ್ಕೆ ಅವರು ಕೈಹಾಕಿದ್ದನ್ನು ಈ ಸಾಲಿನಲ್ಲಿ ಇಟ್ಟರೇ ಅರ್ಥ. 'ಡೊಮಿಂಗೊ', 'ಭೂತರಾಜ್ಯ' ಎಂಬ ಎರಡು ಮೂಕಿ ಚಿತ್ರಗಳು, 1930 ಮತ್ತು 1931ರವು. ಆಗ ಅವರಿಗೆ 28ರ ಆಸುಪಾಸು. ನಮ್ಮ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಚಿತ್ರೋದ್ಯಮ ಎಂಬುದು ಬೊಂಬಾಯಿ, ಕಲ್ಕತ್ತ, ಮದರಾಸಿನ ಸಂಗತಿ. ಇತ್ತ ಕನ್ನಡದವರಲ್ಲಿ ಕೈಲಾಸಂ, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಮುಂತಾದವರು ಮೂಕಿ 'ಮೃಚ್ಛಕಟಿಕ'ದಲ್ಲಿ ಬಣ್ಣ ಹಚ್ಚಿದ್ದರು. ನಾಟಕದವರೇ ಸಿನಿಮಾಕ್ಕೆ ಹೋಗುತ್ತಿದ್ದ ಕಾಲ ಅದು. ಹೋದವರಲ್ಲಿ ಹೆಚ್ಚಿನವರು ನಟಿಸಲು ಹೋದರು, ಕಾರಂತರು ತೆಗೆಯಲು ಹೋದರು.

ಹೋದ ಹೊತ್ತು ಮಾತ್ರ ಸರಿಯಿರಲಿಲ್ಲ. 1931ರ ಮಾರ್ಚ್ 14ರಂದು ಬೊಂಬಾಯಿಯಲ್ಲಿ 'ಆಲಂ ಆರಾ' ತೆರೆಕಂಡಿತು. ಭಾರತದ ಸಿನಿಮಾ ಮಾತಾಡತೊಡಗಿತು, ಹಾಡತೊಡಗಿತು. ಮೂರು ವರ್ಷಕ್ಕೆ, 1934ರ ಮಾರ್ಚಿನಲ್ಲಿ 'ಸತಿ ಸುಲೋಚನ' ಬಂದು ಕನ್ನಡವೂ ತೆರೆಯ ಮೇಲೆ ಬಾಯಿಬಿಟ್ಟಿತು. ಮೂಕಿ ಚಿತ್ರದ ಮಾರುಕಟ್ಟೆ ಕಣ್ಣೆದುರೇ ಕುಸಿದಾಗ ದೊಡ್ಡ ಕಂಪೆನಿಗಳೇ ಬಾಗಿಲು ಹಾಕಿದವು. ಊರಿನ ಕಡೆ ಕೂತು ಕೈಯಿಂದ ಹಣ ಹಾಕಿ ಚಿತ್ರ ತೆಗೆಯುವವನಿಗೆ ಉಳಿಗಾಲವೆಲ್ಲಿ? ಕಾರಂತರು ಕ್ಯಾಮೆರಾ ಕೆಳಗಿಟ್ಟರು.

ಇದೇ ವರ್ಷಗಳಲ್ಲಿ ಫ್ರಾನ್ಸಿನಲ್ಲೊಬ್ಬ ನಾಟಕಕಾರ ತದ್ವಿರುದ್ಧ ದಾರಿ ಹಿಡಿದರು. ಹೆಸರು ಮಾರ್ಸೆಲ್ ಪಾನ್ಯೋಲ್, ಕಾರಂತರಿಗಿಂತ ಏಳು ವರ್ಷಕ್ಕೆ ಹಿರಿಯರು. ಮಾರ್ಸೇಲ್ಸ್ ಬಂದರಿನ ಆಸುಪಾಸಿನವರು, ಇಂಗ್ಲಿಷ್ ಮೇಷ್ಟ್ರಾಗಿದ್ದವರು. 'ಟೊಪಾಜ್' (1928), 'ಮಾರಿಯುಸ್' (1929) ನಾಟಕಗಳಿಂದ ಪ್ಯಾರಿಸಿನಲ್ಲಿ ಹೆಸರಾಗಿದ್ದರು. ಲಂಡನಿಗೆ ಹೋಗಿ ಒಂದು ಮಾತಿನ ಚಿತ್ರ ನೋಡಿದ್ದೇ ತಡ, ಇನ್ನು ನಾಟಕಕಾರನ ಜಾಗ ಸಿನಿಮಾದಲ್ಲೇ ಎಂದು ಘೋಷಿಸಿಬಿಟ್ಟರು. ಮಾತಿನ ಚಿತ್ರವೆಂದರೆ ನಾಟಕವನ್ನು ಹಿಡಿದಿಟ್ಟು ಊರೂರಿಗೆ ಹಂಚುವ ಕಲೆ ಎಂದು ವಾದಿಸಿದರು. ಸಿನಿಮಾದ ಪಂಡಿತರು ನಕ್ಕರು, ಬೈದರು. ಅವರು ಸ್ವಂತ ಕಂಪೆನಿ ಮಾಡಿ, ಮಾರ್ಸೇಲ್ಸಿನಲ್ಲೇ ಸ್ಟುಡಿಯೋ ಕಟ್ಟಿ, ತಮ್ಮ ಸೀಮೆಯ ಗುಡ್ಡಗಳಲ್ಲಿ, ತಮ್ಮ ಜನರ ಉಚ್ಚಾರದಲ್ಲಿ ಚಿತ್ರ ತೆಗೆದರು. 1946ರಲ್ಲಿ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದ ಮೊದಲ ಚಿತ್ರ ನಿರ್ದೇಶಕರೆನಿಸಿದರು. 1952ರಲ್ಲಿ ತೆಗೆದ ಒಂದು ಚಿತ್ರದ ಕಥೆಯನ್ನೇ ಹತ್ತು ವರ್ಷ ಕಳೆದು ಕಾದಂಬರಿ ಮಾಡಿದರು.

ಇಬ್ಬರೂ ತಮ್ಮ ನೆಲದ ನೀರು, ಗುಡ್ಡ, ಬೇಸಾಯಗಾರರ ಬಗ್ಗೆ ಬರೆದವರು. ರಾಜಧಾನಿಯ ಹಂಗಿಲ್ಲದೆ ಊರಲ್ಲೇ ಇದ್ದು ಕೆಲಸ ಮಾಡುತ್ತೇನೆ ಎಂಬ ಹಟ ಇಬ್ಬರಿಗೂ ಇತ್ತು. ಆದರೆ ಪಾನ್ಯೋಲ್ ಸಿನಿಮಾಕ್ಕೆ ಹೋದದ್ದು ಅದಕ್ಕೆ ಮಾತು ಬಂತೆಂದು. ಕಾರಂತರು ಹೋದದ್ದು ಅದಕ್ಕಿನ್ನೂ ಮಾತು ಬಾರದಿದ್ದಾಗ. ಮಾತು ಬಂದ ಮೇಲೆ ಹೊರಗೆ ಬಂದರು. ಅವರ ಬೆನ್ನಿಗೆ ದುಡ್ಡಿರಲಿಲ್ಲ, ಮಾರುಕಟ್ಟೆ ಇರಲಿಲ್ಲ, ನಿಜ. ಆದರೂ ಬರೀ ದುಡ್ಡಿನ ಕಾರಣ ನನಗೆ ಒಪ್ಪಿಗೆಯಾಗುವುದಿಲ್ಲ. ದುಡ್ಡಿಲ್ಲದ್ದು ಅವರನ್ನು ಬೇರಾವ ಸಾಹಸದಿಂದಲೂ ತಡೆದದ್ದಿಲ್ಲ. ಮಾತು, ಹಾಡು ತುಂಬಿಕೊಂಡು ಕಂಪೆನಿ ನಾಟಕದ ತದ್ರೂಪಾಗಿ ಬಂದ ಟಾಕಿಯಲ್ಲಿ ಅವರಿಗೆ ಬೇಕಾದದ್ದು ಇರಲಿಲ್ಲ ಎಂದೇ ನಾನು ತಿಳಿದಿದ್ದೇನೆ. ಅವರು ಹುಡುಕುತ್ತಿದ್ದುದು ಮೈಯ ಭಾಷೆಯನ್ನು. ಅದು ಅವರಿಗೆ ಸಿಕ್ಕಿದ್ದು ಸಿನಿಮಾದಲ್ಲಲ್ಲ, ಊರ ಬಯಲಿನಲ್ಲಿ ರಾತ್ರಿಯಿಡೀ ನಡೆಯುತ್ತಿದ್ದ ಆಟದಲ್ಲಿ.

'ಯಕ್ಷಗಾನ ಬಯಲಾಟ' ಗ್ರಂಥಕ್ಕೆ 1959ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಾದಂಬರಿಗಲ್ಲ, ಆಟದ ಮೇಲಿನ ಪುಸ್ತಕಕ್ಕೆ. 1971ರಲ್ಲಿ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ಶುರುವಾಯಿತು. ಪ್ರಿನ್ಸಿಪಾಲ್ ಕು.ಶಿ. ಹರಿದಾಸ ಭಟ್ಟರು ಬೆನ್ನಿಗೆ ನಿಂತರು. ಮದ್ದಳೆಗೆ ಹಿರಿಯಡ್ಕ ಗೋಪಾಲ ರಾಯರು ಇದ್ದರು. 'ಯಕ್ಷರಂಗ' ತಂಡ ಕಟ್ಟಿ ಕಾರಂತರು ಮಾಡಿದ್ದು ಇಷ್ಟು: ರಾತ್ರಿಯಿಡೀ ನಡೆಯುವ ಪ್ರಸಂಗವನ್ನು ಎರಡು ಮೂರು ಗಂಟೆಗೆ ಇಳಿಸಿದರು, ಅರ್ಥಗಾರಿಕೆ ಎಂಬ ಆಶುಭಾಷಣವನ್ನು ಕತ್ತರಿಸಿದರು, ಭಾಗವತರ ಪದ, ಕುಣಿತ, ವೇಷ ಇವಿಷ್ಟರಲ್ಲೇ ಕಥೆ ದಾಟಿಸಲು ಹೊರಟರು. ಚಂಡೆ ಮದ್ದಳೆಯ ಜೊತೆ ಪಿಟೀಲು, ಸ್ಯಾಕ್ಸೋಫೋನು ಕೂರಿಸಿದರು. ಆ ತಂಡ ಯುರೋಪಿನ ಹಲವು ದೇಶಗಳಿಗೆ ಹೋಗಿ ಬಂತು.

ನಾನು ಆ ತಂಡದ ಪ್ರದರ್ಶನವನ್ನು ನೋಡಿದ್ದು ನಮ್ಮ ದೊಡ್ಡಪ್ಪನ ಜೊತೆ. ಮಂದಾರ್ತಿ ಮೇಳದ ಹರಕೆ ಆಟ ನೋಡಿ ಬೆಳೆದ ಜೀವ ಅದು. ಅಭಿಮನ್ಯುವಿನ ಪ್ರಸಂಗ. ಚಕ್ರವ್ಯೂಹದ ಕುಣಿತಕ್ಕೆ ಸಭೆ ತೆಪ್ಪಗಾಯಿತು. ಎಲ್ಲೂ ಯಾರೂ ಎದ್ದು ಚಹಾ ಕುಡಿಯಲು ಹೋಗಲಿಲ್ಲ, ಯಾಕೆಂದರೆ ಹೋಗಿ ಬರುವಷ್ಟರಲ್ಲಿ ಆಟವೇ ಮುಗಿಯುತ್ತಿತ್ತು. ಹೊರಗೆ ಬಂದು ದೊಡ್ಡಪ್ಪ ಹೇಳಿದ್ದು, "ಕುಣ್ತ ಅಡ್ಡಿಲ್ಲ. ಆದ್ರೆ ಮಾತೇ ಇಲ್ದೆ ಇದ್ದದ್ದು ಎಂತ ಆಟ ಮಾರಾಯ? ಅಭಿಮನ್ಯು ಹತ್ರ ದ್ರೋಣ ಎರಡ್ ಮಾತ್ ಆಡ್ಕಲ್ದಾ?" ನಾನಾಗ ಓದಿದ ಹುಡುಗನ ಹಮ್ಮಿನಲ್ಲಿ ಅವರ ಮಾತನ್ನು ತಳ್ಳಿಹಾಕಿದೆ. ಈಗ ಯೋಚಿಸಿದರೆ ದೊಡ್ಡಪ್ಪನದು ತಕರಾರಲ್ಲ, ವಿಮರ್ಶೆ. ಯಕ್ಷಗಾನದಲ್ಲಿ ಮಾತು ಮೇಲೋಗರವಲ್ಲ. ಸತ್ತವರನ್ನೂ ಸೋತವರನ್ನೂ ಎದುರು ನಿಲ್ಲಿಸಿ ನ್ಯಾಯ ಕೇಳುವ ಜಾಗ ಅದು. ಅದನ್ನು ಕಾರಂತರು ಬಿಟ್ಟುಕೊಟ್ಟರು. ಬದಲಿಗೆ ಭಾಷೆ ಬಾರದವರೂ ನೋಡಬಲ್ಲ ಆಟ ಸಿಕ್ಕಿತು. ಲಾಭ ನಷ್ಟ ಎರಡೂ ಆ ಪ್ರಯೋಗದಲ್ಲಿವೆ.

'ಮಲೆಯ ಮಕ್ಕಳು' ಬಂದದ್ದು ಇದೆಲ್ಲ ಆದ ಮೇಲೆ. ಆ ಹೊತ್ತಿಗೆ ಅವರು ಪುತ್ತೂರು ಬಿಟ್ಟು ಸಾಲಿಗ್ರಾಮದಲ್ಲಿ ನೆಲೆಸಿದ್ದರು. ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣ ಹಿಂದಿರುಗಿಸಿದ್ದರು. 'ಮೂಕಜ್ಜಿಯ ಕನಸುಗಳು' 1977ರ ಜ್ಞಾನಪೀಠ ತಂದಿತ್ತು. ಇನ್ನು ಸನ್ಮಾನದ ಶಾಲು ಹೊದ್ದು ಕೂರಬಹುದಾದ ವಯಸ್ಸು. ಈ ಮನುಷ್ಯ ಘಟ್ಟದ ಕುಡಿಯರ ಕಥೆ ಹಿಡಿದು ಸಿನಿಮಾ ನಿರ್ದೇಶನಕ್ಕೆ ಹೊರಟರು. 'ಕುಡಿಯರ ಕೂಸು' 1951ರ ಕಾದಂಬರಿ. ಪಶ್ಚಿಮ ಘಟ್ಟದ ಮಲೆಯಲ್ಲಿ ಬದುಕುವ ಸಮುದಾಯವನ್ನು, ಅವರ ದೈವ, ಬೇಟೆ, ಮದುವೆ, ಮಲೆಯ ಒಡೆತನದ ಜಗಳಗಳನ್ನು ಒಳಗಿನಿಂದ ನೋಡಲು ಹೊರಟದ್ದು. ಕುಡಿಯರ ಬದುಕನ್ನು ಬೆಂಗಳೂರಿನ ಸ್ಟುಡಿಯೋದವರ ಕೈಗೆ ಕೊಡುವ ಮನಸ್ಸು ಅವರಿಗೆ ಇರಲಿಲ್ಲವೆಂದು ಕಾಣುತ್ತದೆ, ತಾವೇ ಮಾಡಿದರು.

ಕಾಲ ಹೇಗಿತ್ತು ನೋಡಿ. ನಾಟಕಕಾರರು ಸಿನಿಮಾ ಮಾಡುವುದು ಕನ್ನಡದಲ್ಲಿ ಆಗ ವಿಶೇಷವೇ ಅಲ್ಲ. ಗಿರೀಶ ಕಾರ್ನಾಡರು ಬಿ.ವಿ. ಕಾರಂತರೊಡನೆ 'ವಂಶವೃಕ್ಷ' (1971), ಸ್ವತಂತ್ರವಾಗಿ 'ಕಾಡು' (1973) ಮಾಡಿದ್ದರು. ಪಿ. ಲಂಕೇಶರು 'ಪಲ್ಲವಿ'ಗೆ (1976) ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ತಂದಿದ್ದರು. ಚಂದ್ರಶೇಖರ ಕಂಬಾರರು ತಮ್ಮ 'ಕರಿಮಾಯಿ'ಯನ್ನು ತೆರೆಗೆ ತಂದಿದ್ದರು. ಕನ್ನಡದ ಹೊಸ ಅಲೆ ಎಂದಾಗ ಇವರೆಲ್ಲರ ಹೆಸರು ಬರುತ್ತದೆ. ಇವರಲ್ಲಿ ಹೆಚ್ಚಿನವರು ಹುಟ್ಟುವ ಮೊದಲೇ ಸಿನಿಮಾ ತೆಗೆದಿದ್ದ, ಇವರ ಕಾಲಕ್ಕೇ ಮತ್ತೊಂದು ತೆಗೆದ ಕಾರಂತರ ಹೆಸರು ಆ ಪಟ್ಟಿಯಲ್ಲಿ ಬರುವುದಿಲ್ಲ. ಕಾದಂಬರಿಯ ಖಾತೆಯಲ್ಲಿ ಬಾಕಿ ಎಷ್ಟು ದೊಡ್ಡದಿತ್ತೆಂದರೆ ಸಿನಿಮಾದ ಖಾತೆಯನ್ನು ತೆರೆಯಲು ವಿಮರ್ಶಕರು ಹೋಗಲಿಲ್ಲ. ಕಾರಂತರಿಗೂ ಅದರ ಪರಿವೆ ಇದ್ದ ಹಾಗಿಲ್ಲ. ಮಾಡಿದರು, ಮುಂದಕ್ಕೆ ಹೋದರು. 1989ರಲ್ಲಿ ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. ಸೋಲುವ ಕೆಲಸಕ್ಕೆ ಕೈಹಾಕಲು ಅವರಿಗೆ ವಯಸ್ಸು ಅಡ್ಡಬರಲಿಲ್ಲ.

ಅವರು ಮಹಾ ಚಿತ್ರನಿರ್ದೇಶಕರು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಲು ಆಧಾರ ಬೇಕು, ಆಧಾರವೆಂದರೆ ಚಿತ್ರ. 'ಡೊಮಿಂಗೊ', 'ಭೂತರಾಜ್ಯ' ಇಂದು ನೋಡಸಿಗುವುದಿಲ್ಲ. ಇದು ಕಾರಂತರೊಬ್ಬರ ದುರದೃಷ್ಟವಲ್ಲ. ಭಾರತದಲ್ಲಿ 1,300ಕ್ಕೂ ಮೇಲ್ಪಟ್ಟು ಮೂಕಿ ಚಿತ್ರಗಳು ಬಂದವು, ಉಳಿದವು ಬೆರಳೆಣಿಕೆಯಷ್ಟು. ಆ ಕಾಲದ ಫಿಲ್ಮು ನೈಟ್ರೇಟಿನದು, ಬೇಗ ಬೆಂಕಿ ಹಿಡಿಯುವಂಥದು. ಓಟ ಮುಗಿದ ಪ್ರಿಂಟನ್ನು ತೊಳೆದು ಬೆಳ್ಳಿ ತೆಗೆದು ಮಾರುವುದೂ ಇತ್ತು. ಬೆಂಕಿ, ಬೆಳ್ಳಿ ಎರಡರಿಂದಲೂ ತಪ್ಪಿಸಿಕೊಂಡದ್ದು ನಮ್ಮ ಕರಾವಳಿಯ ಆಷಾಢದಲ್ಲಿ ಬೂಸಲು ಹಿಡಿಯುತ್ತದೆ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರ ಶುರುವಾದದ್ದೇ 1964ರಲ್ಲಿ. ಅಷ್ಟರಲ್ಲಿ ಕನ್ನಡದ ಮೊದಲ ಟಾಕಿ 'ಸತಿ ಸುಲೋಚನ'ವೂ ಹೋಗಿಯಾಗಿತ್ತು. ಮೊದಲ ಮಾತನ್ನೇ ಉಳಿಸಿಕೊಳ್ಳದ ನಾವು ಮೂಕಿಯನ್ನು ಉಳಿಸುತ್ತೇವೆಯೇ?

ಈಗ ಉಡುಪಿಯಿಂದ ಕೋಟಕ್ಕೆ ಹೋಗುವುದೆಂದರೆ ನಾಲ್ಕು ಪಥದ ಹೆದ್ದಾರಿ, ಸಾಸ್ತಾನದಲ್ಲಿ ಟೋಲ್. ಹಿಂದೆ ಕಲ್ಯಾಣಪುರ, ಬ್ರಹ್ಮಾವರ ಎಂದು ನಿಂತು ನಿಂತು ಹೋಗುತ್ತಿದ್ದ ಬಸ್ಸಿನಲ್ಲಿ ಸಾಲಿಗ್ರಾಮ ಬಂದರೆ ಯಾರಾದರೂ ಒಬ್ಬರು ಕಿಟಕಿಯಿಂದ ಕೈತೋರಿಸಿ ಕಾರಂತರ ಮನೆಯ ದಿಕ್ಕು ಹೇಳುತ್ತಿದ್ದರು. ಈಗ ಹೆದ್ದಾರಿಯವರೇ ಫಲಕ ಹಾಕಿದ್ದಾರೆ. ಕೋಟತಟ್ಟಿನಲ್ಲಿ ಕಾರಂತ ಥೀಮ್ ಪಾರ್ಕ್ ಆಗಿದೆ. ಅವರ ಹೆಸರಿನಲ್ಲಿ ಹುಟ್ಟೂರ ಪ್ರಶಸ್ತಿ ಕೊಡುತ್ತಾರೆ. ಒಂದು ಗ್ರಾಮ ಪಂಚಾಯತಿ ಸಾಹಿತಿಯ ಹೆಸರಿನಲ್ಲಿ ಇಷ್ಟು ಮಾಡುವುದು ಸಣ್ಣ ಮಾತಲ್ಲ. ಅಲ್ಲಿಗೆ ಶಾಲಾ ಮಕ್ಕಳ ಬಸ್ಸು ಬರುತ್ತದೆ, ಮಕ್ಕಳು ಕಾರಂತಜ್ಜನ ಪ್ರತಿಮೆಯ ಪಕ್ಕ ಫೋಟೋ ತೆಗೆಸಿಕೊಳ್ಳುತ್ತಾರೆ.

ಕ್ಯಾಮೆರಾಕ್ಕಂತೂ ಈಗ ಬರವಿಲ್ಲ. 1901ರ ಕಾಪು ದೀಪಸ್ತಂಭದ ಬುಡದಲ್ಲಿ ಬೆಳಗಾದರೆ ಮದುವೆ ಮುಂಚಿನ ಶೂಟಿಂಗು, ಮೇಲೆ ಡ್ರೋನು. ಕಲ್ಪನಾ, ಅಲಂಕಾರ್ ಎಂಬ ಟಾಕೀಸುಗಳ ಹೆಸರಿನಲ್ಲಿ ದಾರಿ ಹೇಳುತ್ತಿದ್ದ ಊರು ಈಗ ಮಣಿಪಾಲದ ಮಲ್ಟಿಪ್ಲೆಕ್ಸಿಗೆ ಫೋನಿನಲ್ಲಿ ಟಿಕೆಟು ಮಾಡಿಸುತ್ತದೆ. ರಕ್ಷಿತ್ ಶೆಟ್ಟಿಯವರ 'ಉಳಿದವರು ಕಂಡಂತೆ' (2014) ಮಲ್ಪೆಯ ಮೀನುಗಾರಿಕೆಯ ಬಂದರನ್ನು ತೆರೆಗೆ ತಂದಿತು. ಕುಂದಾಪುರ ಕಡೆಯ ಕೆರಾಡಿಯ ರಿಷಬ್ ಶೆಟ್ಟಿ ತಮ್ಮೂರಲ್ಲೇ ಸೆಟ್ ಹಾಕಿ 'ಕಾಂತಾರ' (2022) ಮಾಡಿದರು, ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಪಡೆದರು. ಊರಲ್ಲೇ ಇದ್ದು, ಊರಿನ ಭಾಷೆಯಲ್ಲಿ, ಊರಿನ ಜನರನ್ನು ಹಾಕಿ ಸಿನಿಮಾ ಮಾಡಬಹುದು ಎಂಬುದನ್ನು ಇವತ್ತು ಯಾರಿಗೂ ವಾದಿಸಿ ಹೇಳಬೇಕಿಲ್ಲ. 1930ರಲ್ಲಿ ಹೇಳಬೇಕಿತ್ತು.

ಹಾಗಾದರೆ ನಮ್ಮ ಕರಾವಳಿಯಲ್ಲಿ ಗೆದ್ದವರು ಯಾರು, ಪಾನ್ಯೋಲರೋ ಕಾರಂತರೋ? ತುಳು ಸಿನಿಮಾ ನೋಡಿದರೆ ಪಾನ್ಯೋಲರು. ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ ನಾಟಕ 'ಒರಿಯರ್ದೊರಿ ಅಸಲ್' 2011ರಲ್ಲಿ ಸಿನಿಮಾ ಆಗಿ ಜನ ಮುಗಿಬಿದ್ದರು. ದೇವದಾಸ್ ಕಾಪಿಕಾಡ್ ಅವರೂ ನಾಟಕದಿಂದಲೇ ಸಿನಿಮಾಕ್ಕೆ ಬಂದವರು. ಮಾತೇ ಬಂಡವಾಳ, ಮಾತಿಗೇ ಚಪ್ಪಾಳೆ. ಈ ಪಾನ್ಯೋಲರ ದಾರಿಯಲ್ಲಿ ತಪ್ಪೇನೂ ಇಲ್ಲ, ತುಳು ಚಿತ್ರರಂಗಕ್ಕೆ ಜೀವ ಬಂದದ್ದೇ ಅದರಿಂದ. ಆದರೆ 'ಕಾಂತಾರ'ದ ಕೊನೆಯ ಭಾಗವನ್ನು ಜನ ಯಾಕೆ ಮರೆಯಲಿಲ್ಲ? ಅಲ್ಲಿ ಸಂಭಾಷಣೆ ಇಲ್ಲವೆನ್ನುವಷ್ಟು ಕಡಿಮೆ. ಇರುವುದು ವೇಷ, ವಾದ್ಯ, ಕುಣಿತ, ಕೂಗು. ತುಳು ಗೊತ್ತಿಲ್ಲದ, ಕನ್ನಡವೂ ಗೊತ್ತಿಲ್ಲದ ಊರುಗಳಲ್ಲಿ ಅದು ತಲುಪಿತು. ಯಕ್ಷರಂಗದಲ್ಲಿ ಕಾರಂತರು ಕೇಳುತ್ತಿದ್ದುದೂ ಇದನ್ನೇ. 'ಭೂತರಾಜ್ಯ' ಎಂಬ ಶೀರ್ಷಿಕೆ ಇವತ್ತಿನ ಪೋಸ್ಟರಿನಲ್ಲೂ ಹಳತೆನಿಸದು.

ಆಟದ ವಿಷಯಕ್ಕೆ ಬಂದರೆ ತೀರ್ಪು ಇನ್ನೂ ವಿಚಿತ್ರ. ಆಟವನ್ನು ಮೊಟಕು ಮಾಡಿದರೆಂದು ಕಾರಂತರನ್ನು ಬೈದ ಜಿಲ್ಲೆಯಲ್ಲಿ ಈಗ ಎಲ್ಲಿ ನೋಡಿದರೂ ಕಾಲಮಿತಿ ಪ್ರಯೋಗ. ಸಂಜೆ ಶುರು, ಮಧ್ಯರಾತ್ರಿಯೊಳಗೆ ಮಂಗಳ. ಕಾರಣ ಕಲೆಯಲ್ಲ, ಮರುದಿನದ ಆಫೀಸು, ಧ್ವನಿವರ್ಧಕದ ಕಾನೂನು, ಊಟ ಮಾಡಿ ಹೊರಡುವ ನೆಂಟರು. ಕಾರಂತರು ಕಾರಣ ಕೊಟ್ಟು ಮಾಡಿದಾಗ ತಪ್ಪಾಗಿದ್ದದ್ದು ಅನುಕೂಲಕ್ಕಾಗಿ ಮಾಡಿದಾಗ ಸರಿಯಾಯಿತು. ಅವರು ಬಿಟ್ಟ ಮಾತನ್ನು ಮಾತ್ರ ಮೇಳಗಳು ಬಿಡಲಿಲ್ಲ. ನಮ್ಮ ದೊಡ್ಡಪ್ಪ ಅಷ್ಟರಮಟ್ಟಿಗೆ ಗೆದ್ದರು. ಇಂದ್ರಾಳಿಯ ಯಕ್ಷಗಾನ ಕೇಂದ್ರದಲ್ಲಿ ಬನ್ನಂಜೆ ಸಂಜೀವ ಸುವರ್ಣರಂಥ ಗುರುಗಳು ದಶಕಗಳ ಕಾಲ ಮಕ್ಕಳಿಗೆ ಹೆಜ್ಜೆ ಕಲಿಸಿದ್ದರಿಂದ ಕುಣಿತದ ಆ ಪಾಠ ಪೂರ್ತಿ ಅಳಿಯಲಿಲ್ಲ. ಕಾರಂತರ ಮದ್ದಳೆಯ ಗೋಪಾಲ ರಾಯರು ನೂರು ವರ್ಷ ಬದುಕಿ 2020ರಲ್ಲಿ ಹೋದರು.

ಕಾರಂತರು ತೀರಿಕೊಂಡದ್ದು 1997ರ ಡಿಸೆಂಬರ್ 9ರಂದು, ಮಣಿಪಾಲದ ಆಸ್ಪತ್ರೆಯಲ್ಲಿ. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು ಅದೇ ವರ್ಷದ ಆಗಸ್ಟಿನಲ್ಲಿ. ಅಂದರೆ 95 ವರ್ಷದ ಬದುಕಿನಲ್ಲಿ ಅವರು ಉಡುಪಿ ಜಿಲ್ಲೆಯವರಾಗಿದ್ದದ್ದು ನಾಲ್ಕು ತಿಂಗಳೂ ಅಲ್ಲ. ಅವರನ್ನು ನಮ್ಮ ಜಿಲ್ಲೆಯ ಆಸ್ತಿ ಎಂದು ವೇದಿಕೆಯಲ್ಲಿ ಹೇಳುವಾಗ ನೆನಪಿಡಬೇಕಾದ ಲೆಕ್ಕ ಇದು. ಅವರ ಕೆಲಸದ ಬಹುಪಾಲು ನಡೆದದ್ದು ಪುತ್ತೂರಿನಲ್ಲಿ. ಆಸ್ತಿ ಎಂದಾದರೆ ಎರಡು ಜಿಲ್ಲೆಗಳ ಜಂಟಿ ಆಸ್ತಿ, ಕಾಪಾಡುವ ಹೊಣೆಯೂ ಜಂಟಿ.

ಬೇರೆಯವರು ಅವರ ಕಥೆಗಳನ್ನು ಸಿನಿಮಾ ಮಾಡುತ್ತಲೇ ಇದ್ದಾರೆ. ನಾಗಾಭರಣರ 'ಚಿಗುರಿದ ಕನಸು', ಪಿ. ಶೇಷಾದ್ರಿಯವರ 'ಬೆಟ್ಟದ ಜೀವ', 'ಮೂಕಜ್ಜಿಯ ಕನಸುಗಳು' ಬಂದವು, ಪ್ರಶಸ್ತಿ ಪಡೆದವು. ಈ ಚಿತ್ರಗಳ ಪಕ್ಕದಲ್ಲಿ ಕಾರಂತರೇ ತೆಗೆದ ಚಿತ್ರವನ್ನಿಟ್ಟು ನೋಡಿದರೆ ಒಬ್ಬ ಲೇಖಕ ತನ್ನ ಕಥೆಯನ್ನು ಕಣ್ಣಿನಿಂದ ಹೇಗೆ ಕಂಡಿದ್ದ ಎಂಬುದು ತಿಳಿಯುತ್ತದೆ. ಅದಕ್ಕೆ ಚಿತ್ರ ಬೇಕು. ಮೂಕಿಗಳ ಆಸೆ ಬಿಡೋಣ. 1978 ಅಷ್ಟು ದೂರದ ಕಾಲವಲ್ಲ. ಆ ಚಿತ್ರದಲ್ಲಿ ದುಡಿದವರು, ಚಿತ್ರೀಕರಣಕ್ಕೆ ಜಾಗ ಕೊಟ್ಟವರು, ಕರಪತ್ರ ಅಂಟಿಸಿದವರು ಇನ್ನೂ ನಮ್ಮ ನಡುವೆ ಇರಬಹುದು. ಯಾರದೋ ಅಟ್ಟದ ಮೇಲೆ ಒಂದು ಸ್ಟಿಲ್ಲು, ಒಂದು ಹ್ಯಾಂಡ್‌ಬಿಲ್ಲು, ಒಂದು ಡಬ್ಬ ರೀಲು ಇರಬಹುದು. ಇದ್ದವರು ಅದನ್ನು ಗುಜರಿಯವನಿಗೆ ಕೊಡದೆ ಕಾಲೇಜಿಗೋ ಪತ್ರಾಗಾರಕ್ಕೋ ತಲುಪಿಸಿ.

ಇನ್ನೊಂದು ವಿನಂತಿ ಸಭೆ ಏರ್ಪಡಿಸುವವರಿಗೆ. ಪ್ರತಿವರ್ಷ ಅಕ್ಟೋಬರ್ 10ಕ್ಕೆ ಕೋಟದಲ್ಲಿ, ಉಡುಪಿಯಲ್ಲಿ, ಪುತ್ತೂರಿನಲ್ಲಿ ದೀಪ ಹಚ್ಚುತ್ತೇವೆ, ಉದ್ಘಾಟಕರು, ಮುಖ್ಯ ಅತಿಥಿಗಳು, ಅಧ್ಯಕ್ಷರು ಎಂದು ಸಾಲಾಗಿ ಮಾತಾಡುತ್ತೇವೆ. ಒಂದು ವರ್ಷ ಆ ಭಾಷಣಗಳನ್ನೆಲ್ಲ ಬಿಟ್ಟು 'ಮಲೆಯ ಮಕ್ಕಳು' ಚಿತ್ರವನ್ನು ಹುಡುಕಿಸಿ ತರಿಸಿ, ಪರದೆ ಕಟ್ಟಿ ಊರವರಿಗೆ ತೋರಿಸಿ. ಘಟ್ಟದ ಬುಡದ ಮಲೆಕುಡಿಯ ಕುಟುಂಬಗಳನ್ನೂ ಕರೆಯಿರಿ, ಅವರಿಗೆ ಮುಂದಿನ ಸಾಲಿನ ಕುರ್ಚಿ ಕೊಡಿ. ಚಿತ್ರ ಚೆನ್ನಾಗಿದೆಯೋ ಇಲ್ಲವೋ ಅವರೇ ಹೇಳಲಿ.